‘ನಕ್ಷೆ ನೋಡಿ’ ಅಂದರೆ ಬೆರಳು ಏನು ಮಾಡಬೇಕು?

ಸಮಾಜ ವಿಜ್ಞಾನದ ಪಾಠದ ಕೊನೆಗೆ ‘ನಕ್ಷೆ ನೋಡಿ ಉತ್ತರಿಸಿ’ ಅಂತ ಒಂದು ಸಾಲು ಇರುತ್ತದೆ. ಕಲಬುರಗಿಯಲ್ಲಿ ಉಬ್ಬು ಚುಕ್ಕಿಯ ಬ್ರೈಲ್ ಲಿಪಿಯನ್ನು ಬೆರಳಿನಿಂದ ಓದುವ, ಕಣ್ಣು ಕಾಣದ ಹುಡುಗಿಗೆ ಆ ಸಾಲನ್ನು ಹಾಗೇ ಚುಕ್ಕಿಗಿಳಿಸಿ ಕೊಟ್ಟರೆ? ಸಾಲು ಸಿಕ್ಕಿತು, ನಕ್ಷೆ ಸಿಗಲಿಲ್ಲ.

ಅಕ್ಷರದ ತಕರಾರು ಮುಗಿದು ಬಹಳ ಕಾಲವಾಯಿತು. ಲೂಯಿ ಬ್ರೈಲ್ ಆರು ಚುಕ್ಕಿಯ ಲಿಪಿ ಪ್ರಕಟಿಸಿದ್ದು 1829ರಲ್ಲಿ. ಮೈಸೂರಿನಲ್ಲಿ ಕಣ್ಣು ಕಾಣದ, ಕಿವಿ ಕೇಳದ ಮಕ್ಕಳ ಶಾಲೆ 1901ರಲ್ಲೇ ಶುರುವಾಯಿತು. ಆದರೆ ನಮ್ಮ ದೇಶದಲ್ಲಿ ಒಂದೊಂದು ಕಡೆ ಒಂದೊಂದು ಬ್ರೈಲ್ ಇತ್ತು. 1951ರಲ್ಲಿ ನಮ್ಮ ಭಾಷೆಗಳಿಗೆಲ್ಲ ಒಂದೇ ಪದ್ಧತಿಯಾಗಿ ಭಾರತಿ ಬ್ರೈಲ್ ಬಂತು. ಕನ್ನಡದ ಕ, ಹಿಂದಿಯ ಕ, ಇಂಗ್ಲಿಷಿನ ಕೆ, ಮೂರಕ್ಕೂ ಅವೇ ಎರಡು ಚುಕ್ಕಿ.

ಇದರಲ್ಲೊಂದು ಮಜಾ ಇದೆ. ‘ಅಕ್ಕ’ ಬರೆಯುವಾಗ ನಾವು ಒತ್ತನ್ನು ಕೆಳಗೆ ತೂಗುಹಾಕುತ್ತೇವೆ. ಬ್ರೈಲ್‌ನಲ್ಲಿ ಕೆಳಗೆ ಅನ್ನೋದೇ ಇಲ್ಲ. ಅ ದಾಟಿದ ಕೂಡಲೇ ಬೆರಳಿಗೆ ಒಂಟಿ ಚುಕ್ಕಿ ತಾಗುತ್ತದೆ, ಒತ್ತಕ್ಷರ ಬರ್ತಿದೆ ಹುಷಾರು ಅಂದ ಹಾಗೆ. ಆಮೇಲೆ ಕ, ಮತ್ತೆ ಕ. ‘ಕಿ’ ಬೇಕಾದರೆ ಕ ಪಕ್ಕ ಇ. ನಮ್ಮ ಗುಡಿಸು, ಕೊಂಬಿಗಿಂತ ಸಲೀಸು ಅಂತಲೇ ನನಗನಿಸುತ್ತದೆ. ಆದರೆ ‘ಒತ್ತಕ್ಷರದ ಕೆಳಗೆ ಗೆರೆ ಎಳೆಯಿರಿ’ ಅನ್ನೋ ಅಭ್ಯಾಸ ಇಲ್ಲಿ ನಡೆಯಲ್ಲ. ಅದನ್ನು ಹೊಸದಾಗಿ ಬರೆಯಬೇಕು.

ಕಂಪ್ಯೂಟರ್ ಬಂದಮೇಲೆ ಸುಮ್ನೆ ಬಟನ್ ಒತ್ತಿದರೆ ಆಗಬೇಕಿತ್ತು, ಅಲ್ವಾ? ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಕೂಡಿಸಿದ ಪುಟ ಬ್ರೈಲ್ ತಂತ್ರಾಂಶದ ಪಾಲಿಗೆ ಕನ್ನಡವೇ ಅಲ್ಲ. ಮೊದಲು ಎಲ್ಲ ಕಂಪ್ಯೂಟರ್‌ಗೂ ಅರ್ಥವಾಗುವ ಅಕ್ಷರ ಸಂಕೇತವಾದ ಯೂನಿಕೋಡ್‌ಗೆ ತರಬೇಕು, ತಪ್ಪು ತಿದ್ದಬೇಕು. ಕಾನೂನು ಇನ್ನೂ ನಿಧಾನ. ಪುಸ್ತಕವನ್ನು ಬ್ರೈಲ್‌ಗೆ ತರಲು ಹಕ್ಕುದಾರರ ಅನುಮತಿ ಬೇಡ ಅಂತಾಗಿದ್ದು 2012ರ ಕೃತಿಸ್ವಾಮ್ಯ ತಿದ್ದುಪಡಿಯಲ್ಲಿ. 18 ವರ್ಷದವರೆಗೆ ಪುಸ್ತಕ ಉಚಿತ ಅಂದಿದ್ದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ.

ನಕ್ಷೆಗೆ ಮಾತ್ರ ಮೇಷ್ಟ್ರ ಕೈಯೇ ಬೇಕು. ದಪ್ಪ ರಟ್ಟು, ಅಂಟು. ಜಿಲ್ಲೆಯ ಗಡಿಗೆ ಒರಟು ಹುರಿ, ಭೀಮಾ ನದಿಗೆ ನಯವಾದ ಉಲ್ಲನ್ ದಾರ, ಕಾಗಿಣಾ ನದಿ ಬಂದು ಸೇರುವ ಕಡೆ ಒಂದು ಗಂಟು, ಊರುಗಳಿಗೆ ತೊಗರಿಕಾಳು. ಎಲ್ಲವನ್ನೂ ಒಂದೇ ರಟ್ಟಿಗೆ ತುರುಕಿದರೆ ಬೆರಳು ದಾರಿ ತಪ್ಪುತ್ತದೆ. ಹಾಗಾಗಿ ನದಿಗೊಂದು ರಟ್ಟು, ಬೆಳೆಗೊಂದು. ಆಗ ಪ್ರಶ್ನೆಯೂ ಬದಲಾಗುತ್ತದೆ: ‘ಗಂಟು ಹುಡುಕಿ. ಅಲ್ಲಿಗೆ ಬಂದು ಸೇರುವ ನದಿ ಯಾವುದು?’