ದೋಣಿಗೆ ಗಾಳಿ ಫ್ಯಾನೋ, ಸೋಲಾರೋ?

ಪ್ರಶ್ನೆ: ಉಡುಪಿಯ ಕೆಮ್ಮಣ್ಣು ಹತ್ತಿರ ಸ್ವರ್ಣಾ ನದಿಯಲ್ಲಿ ನಮ್ಮದೊಂದು ಚಾವಣಿ ದೋಣಿ ಇದೆ. ನಾಲ್ಕು ಬಲ್ಬು, ಒಂದು ಫ್ಯಾನು, ಮೊಬೈಲ್ ಚಾರ್ಜಿಂಗ್, ಇಷ್ಟಾದರೆ ಸಾಕು. ಕಡಲ ಬದಿಯಲ್ಲಿ ಗಾಳಿಗೇನು ಬರವಾ? ಸೋಲಾರ್ ಬದಲು ಗಾಳಿಯಿಂದ ಕರೆಂಟು ಮಾಡುವ ಸಣ್ಣ ವಿಂಡ್ ಟರ್ಬೈನ್ ಹಾಕಬಹುದಲ್ವಾ?

ಉತ್ತರ: ಸೋಲಾರೇ ಹಾಕಿ.

ಬೆವರು ಆರಿಸುವ ಗಾಳಿ ಬೇರೆ, ಕರೆಂಟು ಕೊಡುವ ಗಾಳಿ ಬೇರೆ. ವೇಗ ಅರ್ಧ ಆದರೆ ಗಾಳಿಯ ಶಕ್ತಿ ಎಂಟನೇ ಒಂದು ಪಾಲಿಗೆ ಇಳಿಯುತ್ತದೆ. ಟರ್ಬೈನಿನ ಪೆಟ್ಟಿಗೆ ಮೇಲೆ 400 ವ್ಯಾಟ್ ಎಂದು ಬರೆದಿರುತ್ತದೆ, ಸರಿ. ಆದರೆ ಅದು ಸಾಮಾನ್ಯವಾಗಿ ಗಂಟೆಗೆ 45 ಕಿ.ಮೀ. ಆಸುಪಾಸಿನ ಗಾಳಿಯ ಲೆಕ್ಕ. ಅಂಥ ಗಾಳಿಯಲ್ಲಿ ನೀವು ದೋಣಿಯ ಹಗ್ಗ ಬಿಚ್ಚುತ್ತೀರಾ? 15 ಕಿ.ಮೀ. ಗಾಳಿಗೆ ಅದೇ ಯಂತ್ರ 15 ವ್ಯಾಟ್ ಕೊಟ್ಟರೆ ಪುಣ್ಯ.

ಮತ್ತೆ ದಡದ ತೆಂಗಿನ ತೋಟ. ಮರಗಳಿಗೆ ಬಡಿದು ಬರುವ ಗಾಳಿ ಸುಳಿ ಸುತ್ತುತ್ತದೆ. ಟರ್ಬೈನಿಗೆ ಅತ್ತಿತ್ತ ಮುಖ ತಿರುಗಿಸುವುದೇ ಕೆಲಸ. ಕಂಬ ಎತ್ತರ ಮಾಡಿದರೆ ದೋಣಿ ಜಾಸ್ತಿ ಓಲಾಡುತ್ತದೆ, ಸೇತುವೆ ಅಡಿಯಲ್ಲಿ ಸಿಕ್ಕಿಕೊಳ್ಳುವ ಭಯ ಬೇರೆ. ಉಪ್ಪು ಗಾಳಿ ಬೇರಿಂಗನ್ನು ಬಿಡುವುದಿಲ್ಲ. ಹೋಗಲಿ, ರಾತ್ರಿಗಾದರೂ ಆಸರೆಯಾ? ಅದೂ ಅಲ್ಲ. ಕಡಲ ಗಾಳಿ ಜೋರಾಗುವುದು ಮಧ್ಯಾಹ್ನ, ಬಿಸಿಲು ಇರುವಾಗಲೇ.

ಈಗ ನಿಮ್ಮ ಖರ್ಚು ನೋಡುವ. 5 ವ್ಯಾಟಿನ ನಾಲ್ಕು ಎಲ್‌ಇಡಿ ಬಲ್ಬು 4 ಗಂಟೆ ಉರಿದರೆ 80 ವ್ಯಾಟ್-ಅವರ್ (ವ್ಯಾಟನ್ನು ಗಂಟೆಯಿಂದ ಗುಣಿಸಿದ ಲೆಕ್ಕ). 28 ವ್ಯಾಟಿನ, ಕರೆಂಟು ಕಡಿಮೆ ತಿನ್ನುವ ಬಿಎಲ್‌ಡಿಸಿ ಫ್ಯಾನು 8 ಗಂಟೆಗೆ 224. ಫೋನುಗಳೂ ಸೇರಿ ಸುಮಾರು 350. 200 ವ್ಯಾಟಿನ ಒಂದೇ ಪ್ಯಾನೆಲ್ ಜನವರಿಯ ಒಳ್ಳೆ ಬಿಸಿಲಿಗೆ ದಿನಕ್ಕೆ 800ರ ಹತ್ತಿರ ಕೊಡುತ್ತದೆ. ಟರ್ಬೈನಿಗೆ ಇಟ್ಟ ದುಡ್ಡನ್ನು ಬ್ಯಾಟರಿಗೆ ಹಾಕಿ. 12 ವೋಲ್ಟ್, 100 ಆಂಪಿಯರ್-ಅವರ್ ಲಿಥಿಯಂ, ಅಂದರೆ ಸುಮಾರು 1200 ವ್ಯಾಟ್-ಅವರ್, ಇದ್ದರೆ ಬಿಸಿಲಿಲ್ಲದೆಯೂ ಮೂರು ರಾತ್ರಿ ಕಳೆಯುತ್ತದೆ. ಸೀಸದ ಬ್ಯಾಟರಿಯಾದರೆ ಅರ್ಧ ಮಾತ್ರ ಬಳಸಬೇಕು, ಇಲ್ಲವಾದರೆ ಬೇಗ ಸಾಯುತ್ತದೆ.

ಪ್ಯಾನೆಲನ್ನು ಚಾವಣಿಗೆ ಹೆಚ್ಚುಕಡಿಮೆ ಸಮವಾಗಿ ಮಲಗಿಸಿ. ದೋಣಿ ಯಾವ ಕಡೆ ತಿರುಗಿದರೂ ನಮ್ಮ ಊರಲ್ಲಿ ನಷ್ಟ ಕಡಿಮೆ. ದೋಣಿ ಕಟ್ಟುವ ಜಾಗ ಮಾತ್ರ ನೋಡಿಕೊಳ್ಳಿ. ಪ್ಯಾನೆಲ್ ಒಳಗಿನ ಸೆಲ್ ಬಿಲ್ಲೆಗಳು ಸರಪಳಿಯಂತೆ ಜೋಡಿಸಿರುತ್ತವೆ. ಒಂದು ಮಡಲಿನ ನೆರಳು ಮೂಲೆಗೆ ಬಿದ್ದರೂ ಕರೆಂಟು ತುಂಬಾ ಕುಸಿಯಬಹುದು. ಕೊಕ್ಕರೆ ಹಿಕ್ಕೆಯೂ ಅಷ್ಟೇ, ಆಗಾಗ ಒರೆಸಿ.

ಯೂಟ್ಯೂಬಿನಲ್ಲಿ ಇಂಗ್ಲೆಂಡಿನ ಕಾಲುವೆ ದೋಣಿಗಳ ಮೇಲೆ ಟರ್ಬೈನ್ ತಿರುಗುವುದನ್ನು ನೀವು ನೋಡಿರಬಹುದು. ಅಲ್ಲಿ ಡಿಸೆಂಬರಿನ ಹಗಲು ಎಂಟೇ ಗಂಟೆ. ನಮಗೆ ಡಿಸೆಂಬರ್ ಬಿಸಿಲಿನ ಕಾಲ, ಕಷ್ಟ ಇರುವುದು ಜುಲೈ-ಆಗಸ್ಟಿನ ಮಳೆ ತಿಂಗಳು ಆಟಿಯಲ್ಲಿ. ಆಟಿಯಲ್ಲಿ ಗಾಳಿ ಇರುತ್ತದೆ, ಒಪ್ಪಿದೆ. ಆದರೆ ಆಗ ನಿಮ್ಮ ದೋಣಿ ಮನೆ ಹಿಂದೆ ಕಟ್ಟಿರುತ್ತದಲ್ವಾ? ಬ್ಯಾಟರಿಯನ್ನು ಮನೆ ಕರೆಂಟಿನಲ್ಲೇ ಚಾರ್ಜ್ ಮಾಡಿ.

ದೋಣಿಯನ್ನೇ ಓಡಿಸುವ ಆಸೆ ಇದ್ದರೆ ಲೆಕ್ಕ ಬೇರೆ. ಕೇರಳದ ವೈಕಂನಲ್ಲಿ 2017ರಲ್ಲಿ ಶುರುವಾದ, 75 ಜನ ಕೂರುವ ಸೋಲಾರ್ ಫೆರಿ 'ಆದಿತ್ಯ'ದ ಚಾವಣಿಯಲ್ಲಿ 20 ಕಿಲೋವ್ಯಾಟ್ ಪ್ಯಾನೆಲ್ ಇದೆ. ಅಂದರೆ ನಾನು ಹೇಳಿದ ಥರದವು ನೂರು.