ಮನೆಯಲ್ಲಿ ಕೋವಿ, ಶಾಲೆಯಲ್ಲಿ ಬೆತ್ತ

ಸೆಪ್ಟೆಂಬರ್ ಮೊದಲ ವಾರ ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್ ಬಂತೆಂದರೆ ಕೊಡಗಿನ ಎಷ್ಟೋ ಮನೆಗಳಲ್ಲಿ ಕೋವಿ ಹೊರಗೆ ಬರುತ್ತದೆ. ನಳಿಗೆ ಒರೆಸಿ, ಎಣ್ಣೆ ಹಚ್ಚಿ, ತೋಕ್ ಪೂ ಅನ್ನುವ ಹೂ ಸಿಕ್ಕಿಸಿ ಪೂಜೆ ಮಾಡುತ್ತಾರೆ. ಆಮೇಲೆ ತೆಂಗಿನಕಾಯಿಗೆ ಗುರಿ. ಕೊಡವರಿಗೆ ಮತ್ತು ವಂಶಪಾರಂಪರ್ಯವಾಗಿ ಬಂದ ಜಮ್ಮಾ ಭೂಮಿಯ ಹಿಡುವಳಿದಾರರಿಗೆ ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳುವ ವಿನಾಯಿತಿ ಬ್ರಿಟಿಷರ ಕಾಲದ್ದು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು.

ಹಾಗಾಗಿ ಅಮೆರಿಕದ ಯಾವುದೋ ಶಾಲೆಯಲ್ಲಿ ಗುಂಡು ಹಾರಿತು ಅಂತ ಸುದ್ದಿ ಬಂದಾಗಲೆಲ್ಲ ಬೆಂಗಳೂರಿನ ಗೆಳೆಯರು ನನ್ನನ್ನು ಕೇಳುತ್ತಾರೆ: "ನಿಮ್ಮಲ್ಲಿ ಮನೆಮನೆಗೂ ಕೋವಿ, ಶಾಲೆಗೆ ಹೋಗೋಕೆ ಹೆದರಿಕೆ ಇರ್ಲಿಲ್ವಾ?"

ಇತ್ತು. ಆದರೆ ಹೆದರುತ್ತಿದ್ದದ್ದು ಬೆತ್ತಕ್ಕೆ.

ಜುಲೈ-ಆಗಸ್ಟಿನ ಕಕ್ಕಡ ತಿಂಗಳ ಮಳೆ ನೆನಪಿದೆ. ತೋಟದ ಕೂಲಿಯವರ ಲೈನ್ ಮನೆಯಿಂದ ಬರುತ್ತಿದ್ದ ನನ್ನ ಕ್ಲಾಸಿನ ಹುಡುಗ ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡು, ನೀರು ಸುರಿಸುತ್ತಾ ಬಾಗಿಲಲ್ಲಿ ನಿಲ್ಲುತ್ತಿದ್ದ. "ತೋಟದಲ್ಲಿ ಆನೆ ಇತ್ತು ಸಾರ್." "ದಿನಾ ಆನೆನಾ?" ಕಪಾತು ಮಾಡಿದ ಕಾಫಿ ಕೊಂಬೆಯನ್ನು ಅವನೇ ಹೋಗಿ ತರಬೇಕು. ಚಳಿಗೆ ಮರಗಟ್ಟಿದ ಬೆರಳ ಗಂಟಿನ ಮೇಲೆ ಏಟು ಬಿದ್ದರೆ ಎರಡನೇ ಪೀರಿಯಡ್‌ವರೆಗೆ ಪೆನ್ಸಿಲ್ ಹಿಡಿಯೋಕೆ ಆಗುತ್ತಿರಲಿಲ್ಲ. ಆನೆ ನಿಜವಾಗಿಯೂ ಇರುತ್ತಿತ್ತು, ಅದು ಎಲ್ಲರಿಗೂ ಗೊತ್ತಿತ್ತು. ಮನೆಯವರೂ ಮೇಷ್ಟ್ರ ಕಡೆಯೇ: "ಕಣ್ಣೊಂದು ಬಿಟ್ಟು ಎಲ್ಲಾದ್ರೂ ಹೊಡೀರಿ ಸಾರ್."

ಶಾಲೆಯಲ್ಲಿ ಹಿಂಸೆ ಅಂದ ಕೂಡಲೇ ಕೋವಿ, ಚಾಕು ನೆನಪಾಗುವ ನಮಗೆ ಇದು ಹಿಂಸೆ ಅಂತ ಅನ್ನಿಸಿದ್ದೇ ತಡವಾಗಿ. ಹಳೆಯ ಕಾಲದ ಊರ ಶಾಲೆಗಳಾದ ಕೂಲಿಮಠಗಳಲ್ಲಿ 'ಕೋದಂಡ' ಅಂತ ಒಂದು ಶಿಕ್ಷೆ ಇತ್ತು. ಸೂರಿಗೆ ಕಟ್ಟಿದ ಹಗ್ಗಕ್ಕೆ ಹುಡುಗನನ್ನು ನೇತುಬಿಡುವುದು. ಇಂಗ್ಲಿಷರು ಇದಕ್ಕೆ ಕಾನೂನಿನ ಭಾಷೆ ಕೊಟ್ಟರು ಅಷ್ಟೇ. 1860ರಲ್ಲಿ ಇಂಗ್ಲೆಂಡಿನ ಒಬ್ಬ ಮೇಷ್ಟ್ರು ವಿದ್ಯಾರ್ಥಿಯನ್ನು ಹೊಡೆದು ಕೊಂದ. ಅವನಿಗೆ ಶಿಕ್ಷೆಯಾಯಿತು. ಆದರೆ ತಿದ್ದುವುದಕ್ಕಾಗಿ ಹದವಾಗಿ ಹೊಡೆದರೆ ತಪ್ಪಲ್ಲ ಅನ್ನುವ ಮಾತನ್ನೂ ಅದೇ ಕೋರ್ಟು ಹೇಳಿತು. ಅದೇ ವರ್ಷ ಬಂದ ಭಾರತೀಯ ದಂಡಸಂಹಿತೆಯ 89ನೇ ಸೆಕ್ಷನ್, ಪೋಷಕರು ಒಪ್ಪಿದರೆ 12 ವರ್ಷದೊಳಗಿನ ಮಗುವಿನ ಒಳ್ಳೆಯದಕ್ಕೆ ಮಾಡಿದ್ದು ಅಪರಾಧವಲ್ಲ ಎಂದಿತು. ಹೊಡೆದ ಮೇಷ್ಟ್ರುಗಳು ನೂರಕ್ಕೂ ಹೆಚ್ಚು ವರ್ಷ ಅದರ ನೆರಳಲ್ಲಿ ನಿಂತರು.

ತಮಾಷೆ ನೋಡಿ, 1986ರಲ್ಲಿ ಬ್ರಿಟನ್ ತನ್ನ ಸರ್ಕಾರಿ ಶಾಲೆಗಳಲ್ಲಿ ಬೆತ್ತ ನಿಲ್ಲಿಸುವ ಕಾಯ್ದೆ ಮಾಡಿತು. ಅದೇ ವರ್ಷ ನಮ್ಮ ರಾಷ್ಟ್ರೀಯ ಶಿಕ್ಷಣ ನೀತಿಯೂ ದೈಹಿಕ ಶಿಕ್ಷೆ ಬೇಡ ಎಂದಿತು. ಅವರದ್ದು ಕಾಯ್ದೆ, ನಮ್ಮದು ಒಂದು ಸಾಲು. 2007ರಲ್ಲಿ ಕೇಂದ್ರ ಸರ್ಕಾರ 13 ರಾಜ್ಯಗಳ ಮಕ್ಕಳನ್ನು ಮಾತಾಡಿಸಿದಾಗ, ಶಾಲೆಗೆ ಹೋಗುವವರಲ್ಲಿ ನೂರಕ್ಕೆ 65 ಮಂದಿ ಏಟು ತಿಂದಿದ್ದೇವೆ ಅಂದರು. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಹೊಡೆತ, ಮಾನಸಿಕ ಕಿರುಕುಳ ಎರಡನ್ನೂ ನಿಷೇಧಿಸಿತು. ಆದರೆ ಆ ಕಾಯ್ದೆ 14 ವರ್ಷದವರೆಗೆ ಮಾತ್ರ. ಮೀಸೆ ಚಿಗುರುವ ವಯಸ್ಸಿನ ಹೈಸ್ಕೂಲು ಹುಡುಗರು ಹೊರಗೇ ಉಳಿದರು. ಏಟು ಜಾಸ್ತಿ ಬೀಳುತ್ತಿದ್ದದ್ದು ಅವರಿಗೇ ಅಲ್ವಾ?

ಮಕ್ಕಳೇ ಮಕ್ಕಳ ಮೇಲೆ, ಮೇಷ್ಟ್ರ ಮೇಲೆ ಕೈ ಮಾಡಿದಾಗ ಚರ್ಚೆಯ ದಿಕ್ಕೇ ಬದಲಾಯಿತು. 2007ರ ಡಿಸೆಂಬರಿನಲ್ಲಿ ಗುರುಗ್ರಾಮದ ಒಂದು ಶಾಲೆಯಲ್ಲಿ ಎಂಟನೇ ಕ್ಲಾಸಿನ ಹುಡುಗರು ಸಹಪಾಠಿಗೆ ಗುಂಡು ಹೊಡೆದರು. ಅದು ಅವರಲ್ಲೊಬ್ಬನ ಅಪ್ಪನ ಕೈಬಂದೂಕು. ಮನೆಯಲ್ಲಿ ಕೋವಿ ಇರುವ ನಾವು ಆ ಸುದ್ದಿಯನ್ನು ಎರಡು ಸಲ ಓದಬೇಕು. 'ನಮ್ಮ ಸಂಪ್ರದಾಯವೇ ಬೇರೆ' ಅಂತ ಎದೆ ತಟ್ಟಿಕೊಂಡರೆ ಬೀರುವಿಗೆ ಬೀಗ ಬೀಳುವುದಿಲ್ಲ. 2012ರಲ್ಲಿ ಚೆನ್ನೈನಲ್ಲಿ ಒಂಬತ್ತನೇ ಕ್ಲಾಸಿನ ಹುಡುಗ ಟೀಚರನ್ನು ತರಗತಿಯಲ್ಲೇ ಇರಿದು ಕೊಂದ. ಆಗ ಎಲ್ಲ ಕಡೆ ಕೇಳಿದ್ದು ಒಂದೇ ಮಾತು: ಬೆತ್ತ ಕಿತ್ತುಕೊಂಡಿದ್ದಕ್ಕೇ ಹೀಗಾಯಿತು. 2015ರ ಬಾಲನ್ಯಾಯ ಕಾಯ್ದೆಯಂತೂ, ಘೋರ ಅಪರಾಧವಾದರೆ 16 ದಾಟಿದವರನ್ನು ದೊಡ್ಡವರ ಹಾಗೆ ವಿಚಾರಣೆ ಮಾಡಲು ದಾರಿ ಮಾಡಿತು.

ಅಮೆರಿಕ ಈ ದಾರಿಯಲ್ಲಿ ಮೊದಲೇ ಹೋಗಿತ್ತು. 1994ರಲ್ಲೇ, ಶಾಲೆಗೆ ಬಂದೂಕು ತಂದವರನ್ನು ಒಂದು ವರ್ಷ ಹೊರಗೆ ಹಾಕುವ ಕಾಯ್ದೆ ಅಲ್ಲಿತ್ತು. ಐದು ವರ್ಷಕ್ಕೆ ಕೊಲಂಬೈನ್ ಶಾಲೆಯ ಹತ್ಯಾಕಾಂಡ ನಡೆಯಿತು. ಆ ಬಿಗಿ ನಿಯಮ ಬರಬರುತ್ತಾ ಸಣ್ಣಪುಟ್ಟ ಜಗಳಕ್ಕೂ ಹಬ್ಬಿತು. ಹೊರಗೆ ಹಾಕಿದ ಹುಡುಗ ಎಲ್ಲಿಗೆ ಹೋಗುತ್ತಾನೆ ಅನ್ನುವುದಕ್ಕೆ ಮಾತ್ರ ಅದರಲ್ಲಿ ಉತ್ತರ ಇರಲಿಲ್ಲ.

ನಮ್ಮ ಜಿಲ್ಲೆಯ ಪ್ರಶ್ನೆಯೂ ಅದೇ: ಅಧಿಕಾರಿ ಬಂದು ಹೋದ ಮೇಲೆ ಮಗುವಿನ ಜೊತೆ ಯಾರಿರುತ್ತಾರೆ? 2024ರ ಮೇ 9, ಎಸ್‌ಎಸ್‌ಎಲ್‌ಸಿ ಫಲಿತಾಂಶದ ದಿನ. ಸೋಮವಾರಪೇಟೆ ಕಡೆಯ ಸೂರ್ಲಬ್ಬಿಯ ಹುಡುಗಿಯೊಬ್ಬಳು ಪಾಸಾಗಿದ್ದಳು. ಅದೇ ದಿನ ಅವಳ ನಿಶ್ಚಿತಾರ್ಥವನ್ನು, ಮದುವೆಯ ವಯಸ್ಸಾಗಿಲ್ಲ ಅಂತ ಅಧಿಕಾರಿಗಳು ಬಂದು ತಡೆದರು. ಕಾನೂನಿನ ಪ್ರಕಾರ ಮಾಡಬೇಕಾದದ್ದೇ. ಅವರು ಹೋದ ಮೇಲೆ, ಮದುವೆಯಾಗಬೇಕಿದ್ದ ಗಂಡಸು ಅವಳನ್ನು ಕೊಂದ. ಶಾಲೆಯ ಗೇಟಿಗೆ ಕ್ಯಾಮೆರಾ ಹಾಕಿದ್ದರೆ ಅದರಲ್ಲಿ ಏನು ಕಾಣುತ್ತಿತ್ತು?

ಆದರೂ ಈಗ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಸಮಿತಿಯ ಸಭೆಗಳಲ್ಲಿ ಮೊದಲು ಬರುವ ಮಾತು ಕ್ಯಾಮೆರಾದ್ದೇ. ಕಳೆದ ವರ್ಷ ಅಂಥದ್ದೊಂದು ಸಭೆಗೆ ಹೋಗಿದ್ದೆ. ಎಷ್ಟು ಹಾಕಿಸೋದು, ಕರೆಂಟಿಲ್ಲದ ಮಳೆಗಾಲದಲ್ಲಿ ಏನು ಮಾಡೋದು ಅಂತ ಅರ್ಧ ಗಂಟೆ ಚರ್ಚೆ ಆಯಿತು. ಜಗಲಿಯ ಗೋಡೆಯಲ್ಲಿ ಮಕ್ಕಳ ದೂರು ಪೆಟ್ಟಿಗೆ ಇತ್ತು. ಪಕ್ಕದಲ್ಲಿ ಮಕ್ಕಳ ಸಹಾಯವಾಣಿಯ ನಂಬರು 1098 ಅಂತ ಪೇಂಟ್ ಮಾಡಿದ್ದರು. ಒಬ್ಬ ತಾಯಿ ಎದ್ದು, "ಅದನ್ನ ತೆಗೆದು ನೋಡ್ತೀರಾ?" ಅಂದರು. ಬೀಗದ ಕೈ ಹುಡುಕೋದಕ್ಕೆ ಹತ್ತು ನಿಮಿಷ ಬೇಕಾಯಿತು. ಒಳಗೆ ಮೂರು ಚೀಟಿ, ಮಳೆಯ ತೇವಕ್ಕೆ ಅಂಟಿಕೊಂಡಿದ್ದವು. ಎರಡನ್ನು ಬಿಡಿಸೋಕೆ ಆಗಲಿಲ್ಲ. ಮೂರನೆಯದರಲ್ಲಿ ಪೆನ್ಸಿಲಿನಲ್ಲಿ ಬರೆದಿತ್ತು: "ಬಸ್ಸಲ್ಲಿ ಹಿಂದಿನ ಸೀಟಿನ ಅಣ್ಣಂದಿರು ದಿನಾ ಹೊಡೀತಾರೆ. ಹೆಸರು ಹೇಳಲ್ಲ." ತಾರೀಖು ಹಿಂದಿನ ವರ್ಷದ್ದು.