ಕೆಲಸ ಹುಡುಕ್ತಾ ಇದ್ದೇವೆ, ನಿರುದ್ಯೋಗ ಭತ್ಯೆ ಸಿಗ್ತದಾ?

ಪ್ರಶ್ನೆ: ನಾನು ಕಾಪುವಿನವಳು. 2024ರಲ್ಲಿ ಬಿಕಾಂ ಪಾಸಾದೆ. ಒಳ್ಳೆ ಕೆಲಸ ಸಿಗದೆ ಸದ್ಯ ಉಡುಪಿಯ ಬಟ್ಟೆ ಅಂಗಡಿಯೊಂದಕ್ಕೆ ಬಿಲ್ಲಿಂಗ್‌ಗೆ ಹೋಗುತ್ತಿದ್ದೇನೆ, ಪಿಎಫ್ ಏನೂ ಇಲ್ಲ. ಅಣ್ಣ ಬೈಕಂಪಾಡಿಯ ಫ್ಯಾಕ್ಟರಿಯಲ್ಲಿ ನಾಲ್ಕು ವರ್ಷ ಇದ್ದ, ಹೋದ ತಿಂಗಳು ಕೆಲಸ ಹೋಯಿತು. ಇಬ್ಬರಿಗೂ ರಾಜ್ಯ ಸರ್ಕಾರದ ಯುವನಿಧಿ ಭತ್ಯೆ ಸಿಗುತ್ತದಾ?

ಉತ್ತರ: ಇಬ್ಬರಿಗೂ ಇಲ್ಲ. ಆದರೆ ಬೇಜಾರು ಮಾಡಬೇಡಿ, ಅಣ್ಣನಿಗೆ ಬೇರೆ ಬಾಗಿಲು ಉಂಟು.

ಮೊದಲು ನಿಮ್ಮದು. ಯುವನಿಧಿ ಹೊಸದಾಗಿ ಪಾಸಾದವರಿಗೆ ಮಾಡಿದ್ದು. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಹಣ ಹಾಕಲು ಶುರು ಮಾಡಿದರು. ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ. ಜಾಸ್ತಿ ಅಂದರೆ ಎರಡು ವರ್ಷ. ನಡುವೆ ಕೆಲಸ ಸಿಕ್ಕರೆ ಅಲ್ಲಿಗೇ ನಿಲ್ಲುತ್ತದೆ. ಪಾಸಾದ ಮೇಲೆ 180 ದಿನ ಕೆಲಸ ಇಲ್ಲದೆ ಕಳೆದಿರಬೇಕು. ಎಂಕಾಂಗೋ ಎಂಬಿಎಗೋ ಸೇರಿದರೆ ಸಿಗುವುದಿಲ್ಲ, ಸ್ಟೈಪೆಂಡ್ ಪಡೆಯುವ ಅಪ್ರೆಂಟಿಸ್‌ಗೂ ಇಲ್ಲ.

ನಿಮ್ಮ ತೊಡಕು ಬಟ್ಟೆ ಅಂಗಡಿ. 'ಲೆಟರ್ ಇಲ್ಲ, ಪಿಎಫ್ ಇಲ್ಲ, ಅದೆಂಥ ಕೆಲಸ' ಅಂತ ಹೇಳುವವರು ಸಿಗುತ್ತಾರೆ. ಆದರೆ ಅರ್ಜಿ ಹಾಕಿ ಸುಮ್ನೆ ಕೂರುವಂತಿಲ್ಲ, ನನಗೆ ಕೆಲಸ ಇಲ್ಲ ಅಂತ ಆಗಾಗ ಸ್ವಯಂ ಘೋಷಣೆ ಕೊಡುತ್ತಾ ಇರಬೇಕು. ಸಂಬಳ ಎಣಿಸಿಕೊಂಡು ಬಂದು ಆ ಘೋಷಣೆ ಕೊಡುವುದು ಸುಳ್ಳೇ. ನಾನಂತೂ ಕೊಡಿ ಅನ್ನುವುದಿಲ್ಲ. ಅಂಗಡಿ ಬಿಟ್ಟರೆ, ನಿಮ್ಮ ಬ್ಯಾಚಿಗೆ ಈಗಲೂ ಅರ್ಜಿ ತೆಗೆದುಕೊಳ್ಳುತ್ತಾರಾ ಅಂತ ಮಣಿಪಾಲದ ರಜತಾದ್ರಿಗೆ ಹೋಗಿ ಉದ್ಯೋಗ ವಿನಿಮಯ ಕಚೇರಿಯಲ್ಲಿ ಕೇಳಿ.

ನಮ್ಮ ಕಡೆ ಇನ್ನೊಂದು ವಿಷಯ ಉಂಟು. ಕೇರಳದ ಮಂಜೇಶ್ವರ, ಕಾಸರಗೋಡಿನಿಂದ ದಿನಾ ಬಸ್ಸು ಹಿಡಿದು ಮಂಗಳೂರಿಗೆ ಬಂದು ಡಿಗ್ರಿ ಮಾಡುವ ಮಕ್ಕಳು ಎಷ್ಟಿಲ್ಲ! ಮನೆಯಲ್ಲಿ ಕನ್ನಡ, ಓದಿದ್ದು ಕನ್ನಡ ಶಾಲೆಯಲ್ಲಿ. ಆದರೆ ಈ ಯೋಜನೆಗೆ ಕರ್ನಾಟಕದ ನಿವಾಸಿ ಆಗಿರಬೇಕು, ಕನಿಷ್ಠ 6 ವರ್ಷ ರಾಜ್ಯದೊಳಗೆ ಓದಿರಬೇಕು. ಮೂರು ವರ್ಷದ ಡಿಗ್ರಿ ಸಾಲದು.

ಈಗ ಅಣ್ಣನ ವಿಷಯ. ಯುವನಿಧಿ ಹೊಸಬರಿಗೆ, ನಾಲ್ಕು ವರ್ಷ ದುಡಿದ ಅವರಿಗೆ ಅಲ್ಲ. ಅವರ ಸಂಬಳದಿಂದ ಇಎಸ್ಐ (ಕಾರ್ಮಿಕರ ರಾಜ್ಯ ವಿಮೆ) ಕಡಿತ ಆಗುತ್ತಿತ್ತಾ? ಹಳೆಯ ಸ್ಲಿಪ್ ನೋಡಿ, ಶೇ 0.75ರ ಲೆಕ್ಕದಲ್ಲಿ ಒಂದು ಸಣ್ಣ ಮೊತ್ತ ಇರುತ್ತದೆ. ಇದ್ದರೆ ಕೇಳಬೇಕಾದ್ದು ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ, ಅಂದರೆ ಕೆಲಸ ಹೋದವರಿಗೆ ಇಎಸ್ಐ ಕೊಡುವ ಭತ್ಯೆ. ಶುರುವಾದದ್ದು 2018ರ ಜುಲೈಯಲ್ಲಿ. ಅವಧಿಯನ್ನು ಆಗಾಗ ಮುಂದುವರಿಸುತ್ತಾ ಬಂದಿದ್ದಾರೆ, ಹಾಗಾಗಿ ಇಎಸ್ಐ ಶಾಖಾ ಕಚೇರಿಯಲ್ಲಿ ಮೊದಲು ಈಗ ಚಾಲ್ತಿಯಲ್ಲಿದೆಯಾ ಅಂತ ಕೇಳಿ.

ಕೆಲಸ ಹೋಗುವ ಮೊದಲು ಕನಿಷ್ಠ ಎರಡು ವರ್ಷ ಇಎಸ್ಐಯಲ್ಲಿ ಇರಬೇಕು. ವಂತಿಗೆಯನ್ನು ಆರಾರು ತಿಂಗಳಿಗೆ ಲೆಕ್ಕ ಹಾಕುತ್ತಾರೆ: ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್. ಕೆಲಸ ಹೋಗುವ ಮುಂಚಿನ ಇಂಥ ಕೊನೆಯ ಅವಧಿಯಲ್ಲಿ 78 ದಿನ, ಅದಕ್ಕೂ ಹಿಂದಿನ ಮೂರು ಅವಧಿಗಳಲ್ಲಿ ಯಾವುದಾದರೂ ಒಂದರಲ್ಲಿ ಮತ್ತೆ 78 ದಿನದ ವಂತಿಗೆ ಬೇಕು. ನಾಲ್ಕು ವರ್ಷ ಬಿಡದೆ ದುಡಿದವರಿಗೆ ಇದು ಕಷ್ಟ ಅಲ್ಲ. ದುರ್ನಡತೆಗೆ ತೆಗೆದುಹಾಕಿದ್ದರೆ ಮಾತ್ರ ಸಿಗುವುದಿಲ್ಲ, ನಿವೃತ್ತರಿಗೂ ಇಲ್ಲ.

ಸಿಗುವುದು ಸರಾಸರಿ ದಿನಗೂಲಿಯ ಅರ್ಧ, 90 ದಿನದವರೆಗೆ, ಜೀವಮಾನದಲ್ಲಿ ಒಂದೇ ಸಲ. ಸಂಬಳ 18,000 ಇತ್ತು ಅಂತ ಇಟ್ಟುಕೊಳ್ಳಿ. ದಿನಕ್ಕೆ ಸುಮಾರು 590, ಅದರ ಅರ್ಧ 295. ತೊಂಬತ್ತು ದಿನಕ್ಕೆ 26,500ರ ಹತ್ತಿರ ಆಯಿತು. ಮೂರು ತಿಂಗಳ ಮನೆ ಬಾಡಿಗೆಗೆ, ಅಕ್ಕಿಗೆ ಆದೀತು. ಕೆಲಸ ಹೋಗಿ 30 ದಿನ ಆದ ಮೇಲೆ ಅರ್ಜಿ ಹಾಕಬಹುದು. ಫ್ಯಾಕ್ಟರಿಯೇ ಮುಚ್ಚಿದ್ದರೆ ರಾಜೀವ್ ಗಾಂಧಿ ಶ್ರಮಿಕ್ ಕಲ್ಯಾಣ ಯೋಜನೆ ಅಂತ 2005ರಿಂದ ಇನ್ನೊಂದು ಉಂಟು, ಅದನ್ನೂ ಅಲ್ಲೇ ವಿಚಾರಿಸಿ.

ಪಿಎಫ್ ತೆಗೆದರೆ ಭತ್ಯೆ ಸಿಕ್ಕಿದ ಹಾಗೆ ಅಂತ ಕೆಲವರು ಅಂದುಕೊಳ್ಳುತ್ತಾರೆ. ಅದು ನಿಮ್ಮದೇ ದುಡ್ಡು ಮಾರಾಯ್ರೆ.

ಕೊನೆಗೆ, ನಮ್ಮ ಮನೆಯಲ್ಲೇ ಆದದ್ದು. ಚಿಕ್ಕಮ್ಮನ ಮಗನ ಯುವನಿಧಿ ಅರ್ಜಿ ತುಂಬಲು ಕೂತಿದ್ದೆವು. ಒಟಿಪಿ ಬರಲೇ ಇಲ್ಲ. ಆಧಾರ್‌ಗೆ ಜೋಡಿಸಿದ್ದು ಚಿಕ್ಕಪ್ಪನ ನಂಬರ್, ಚಿಕ್ಕಪ್ಪ ಇರುವುದು ಮಸ್ಕತ್‌ನಲ್ಲಿ! ಅದು ಬಗೆಹರಿದು ಹಣ ಬಂತು ಅಂತ ಮೆಸೇಜ್ ಬಂದರೂ ಪಾಸ್‌ಬುಕ್ಕಿನಲ್ಲಿ ಕಾಣಲಿಲ್ಲ. ಹೈಸ್ಕೂಲಿನಲ್ಲಿ ಸ್ಕಾಲರ್‌ಶಿಪ್‌ಗೆ ಮಾಡಿಸಿದ ಹಳೇ ಖಾತೆಗೆ ಹೋಗಿ ಕೂತಿತ್ತು. ಆಧಾರ್ ಯಾವ ಖಾತೆಗೆ ಲಿಂಕ್ ಆಗಿದೆಯೋ ದುಡ್ಡು ಅಲ್ಲಿಗೇ ಹೋಗುವುದು. ಬ್ಯಾಂಕಿನಲ್ಲಿ ಅದೊಂದನ್ನು ಮುಂಚೆಯೇ ಕೇಳಿಕೊಂಡು ಬನ್ನಿ.